ವೆಜ್ ಹೋಟೆಲಿಗೆ ಮಾಂಸದೂಟದವರೂ ಬರಬೇಕಾದರೆ: ಎಳೆ ಹಲಸು

ಶಿವಮೊಗ್ಗ, ತೀರ್ಥಹಳ್ಳಿ ಕಡೆ ವೆಜ್ ಹೋಟೆಲ್ ಇಡೋರಿಗೆ ಒಂದು ಮಾತು. ಮಾಂಸ ತಿನ್ನೋರು ಹುಡುಕೋದು ಖಾರ, ಹುರಿದ ಮಸಾಲೆಯ ಘಮ, ಅಗಿಯೋಕೆ ಸಿಗುವ ತುಂಡು. ಪನೀರಿನಿಂದ ಅದು ಆಗಲ್ಲ, ಎಳೆ ಹಲಸಿನಕಾಯಿಯಿಂದ ಆಗುತ್ತೆ.

ಬೀಜ ಗಟ್ಟಿಯಾಗದ ಕಾಯಿಯನ್ನೇ ತಗೊಳ್ಳಿ. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು (ಇಲ್ಲದಿದ್ದರೆ ಮೇಣ ಬಿಡಲ್ಲ) ಎರಡಿಂಚಿನ ತುಂಡು ಮಾಡಿ. ಉಪ್ಪು, ಅರಿಶಿನ ಹಾಕಿ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಪಾಲು ಬೇಯಿಸಿ. ಕುಕ್ಕರಲ್ಲಿ ಮೂರು ಸೀಟಿ ಕೂಗಿಸಿದರೆ ಮುದ್ದೆಯಾಗುತ್ತೆ. ನೀರು ಪೂರ್ತಿ ಬಸಿದು, ಆರಿಸಿ, ಅಗಲ ಬಾಣಲೆಯಲ್ಲಿ ಅಂಚು ಕಂದುವವರೆಗೆ ಹುರೀರಿ. ಹೆಚ್ಚಿನವರು ಅವಸರದಲ್ಲಿ ಬಿಡೋದು ಇದನ್ನೇ. ಒದ್ದೆ ತುಂಡು ಕೆಂಪಾಗಲ್ಲ, ಮಸಾಲೆ ಹಾಕಿದರೂ ಸಪ್ಪೆ.

ಒಂದು ಕೆಜಿ ತುಂಡಿಗೆ ಕೊತ್ತಂಬರಿ ಬೀಜ 3 ಚಮಚ, ಕಾಳುಮೆಣಸು 2 ಚಮಚ, ಗಸಗಸೆ 1 ಚಮಚ, ಚಕ್ಕೆ, ಲವಂಗ. ಬೇರೆ ಬೇರೆ ಹುರಿದು, ಅರ್ಧ ಹೋಳು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಈರುಳ್ಳಿ ಕಂದುವಷ್ಟು ಬಾಡಿಸಿದ ಮೇಲೆ ಶುಂಠಿ, ಬೆಳ್ಳುಳ್ಳಿ, ಆಮೇಲೆ ರುಬ್ಬಿದ ಮಸಾಲೆ, ಹುರಿದ ತುಂಡು. ಹುಳಿಗೆ ವಾಟೆಹುಳಿ (ಮಲೆನಾಡಿನ ಒಂದು ಹುಳಿಕಾಯಿ), ಕೊನೆಯಲ್ಲಿ.

ಜೊತೆಗೆ ಕಡುಬು ಅಥವಾ ಅಕ್ಕಿರೊಟ್ಟಿ. ಹಲಸಲ್ಲಿ ಪ್ರೋಟೀನ್ ಕಡಿಮೆ, ಹಾಗಾಗಿ ನೆನೆಸಿದ ಕಡಲೆಕಾಳು ಬೇಯಿಸಿ ಸೇರಿಸಿದರೆ ಹೊಟ್ಟೆ ತುಂಬುತ್ತೆ. ಮಳೆಗಾಲದಲ್ಲಿ ಹಲಸಿನ ಬದಲು ಕಳಲೆ (ಎಳೆ ಬಿದಿರಿನ ಮೊಳಕೆ) ಬಳಸೋದಾದರೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು-ಮೂರು ದಿನ ನೆನೆಸಿ, ಚೆನ್ನಾಗಿ ಕುದಿಸಿ ಬಸಿಯಲೇಬೇಕು. ಹಸಿಯದರಲ್ಲಿ ವಿಷದ ಅಂಶ ಇರುತ್ತೆ.

ಮೆನುವಿನಲ್ಲಿ ‘ವೆಜ್ ಮಟನ್’ ಅಂತ ಮಾತ್ರ ಬರೆಸಬೇಡಿ, ಮೊದಲ ತುತ್ತಿಗೇ ಹೋಲಿಕೆ ಶುರುವಾಗುತ್ತೆ. ‘ಹಲಸಿನಕಾಯಿ ಪೆಪ್ಪರ್ ಫ್ರೈ’ ಸಾಕು.