ಮುಯ್ಯಿ ಪುಸ್ತಕ ಮತ್ತು ಮಂತ್ರ ಮಾಂಗಲ್ಯ

ನಮ್ಮ ಮದುವೆಗೆ ಕರೆದದ್ದು ಅರವತ್ತು ಜನರನ್ನು. ಮನೆಯ ಮುಂದಿನ ಹೊಂಗೆಮರದ ನೆರಳು, ಎರಡು ಹಾರ, ಸರಳ ಮದುವೆಗೆಂದು ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ಪ್ರತಿ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವಾಲಗವಿಲ್ಲ. ಇಬ್ಬರೂ ಪ್ರತಿಜ್ಞೆಗಳನ್ನು ಗಟ್ಟಿಯಾಗಿ ಓದಿದೆವು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿದಿತ್ತು.

1966ರಲ್ಲಿ ಕುವೆಂಪು ಅವರ ಮಗ ತೇಜಸ್ವಿಯವರ ಮದುವೆ ನಡೆದದ್ದು ಈ ಕ್ರಮದಲ್ಲಿಯೇ. ಇಷ್ಟು ವರ್ಷವಾದರೂ ಇದು ಏಕೆ ಹಬ್ಬಲಿಲ್ಲ? ಜನರ ಮೂಢನಂಬಿಕೆಯೇ ಕಾರಣ ಎಂದು ನಾನು ತಿಳಿದಿದ್ದೆ. ನನ್ನ ಮದುವೆಯ ಮಾತು ಎದ್ದಾಗ ಆ ತಿಳಿವಳಿಕೆ ಕೆಟ್ಟಿತು.

ಅಪ್ಪ ದೇವರ ಮಾತೆತ್ತಲಿಲ್ಲ, ಜಾತಕವನ್ನೂ ಕೇಳಲಿಲ್ಲ. ಬೀರುವಿನಿಂದ ಮುಯ್ಯಿ ಪುಸ್ತಕ ತಂದು ನನ್ನ ಮುಂದಿಟ್ಟರು. ಮೂವತ್ತು ವರ್ಷಗಳಿಂದ ಯಾರ ಮನೆಯ ಮದುವೆಗೆ ಎಷ್ಟು ಹಾಕಿದ್ದೇವೆ, ಯಾರು ನಮಗೆ ಎಷ್ಟು ಹಾಕಿದ್ದಾರೆ ಎಂಬುದೆಲ್ಲ ಅವರ ಓರೆ ಅಕ್ಷರದಲ್ಲಿತ್ತು. "ಪ್ರತಿಜ್ಞೆ ಚೆನ್ನಾಗಿದೆ, ಓದಿಕೊಳ್ಳಿ. ಆದರೆ ಇವರೆಲ್ಲರ ಮನೆಯಲ್ಲಿ ನಾನು ಉಂಡಿದ್ದೇನಲ್ಲ, ಅವರು ನಮ್ಮ ಮನೆಯಲ್ಲಿ ಉಣ್ಣುವುದು ಬೇಡವೇ?" ಎಂದರು. ಪುರೋಹಿತಶಾಹಿಯ ವಿರುದ್ಧ ನಾನು ಸಿದ್ಧಪಡಿಸಿಕೊಂಡಿದ್ದ ವಾದಗಳಲ್ಲಿ ಒಂದೂ ಆ ಪ್ರಶ್ನೆಗೆ ಒದಗಲಿಲ್ಲ. ಅಪ್ಪನಿಗೆ ಅದು ಆಡಂಬರವಲ್ಲ, ಋಣ. ಕೊನೆಗೆ ಮೂರು ವಾರಗಳ ನಂತರ ಚಪ್ಪರ ಹಾಕಿಸಿ ಬೀಗರೂಟ ಮಾಡಿದೆವು. ಆರುನೂರು ಎಲೆ ಬಿದ್ದವು. ಉಳಿತಾಯದ ಲೆಕ್ಕ ಅಲ್ಲಿಗೆ ಮುಗಿಯಿತು.

ಕಾನೂನಿನ ತೊಡಕೂ ಸಣ್ಣದಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಸಾಂಪ್ರದಾಯಿಕ ವಿಧಿಗಳನ್ನು ಕೇಳುತ್ತದೆ. ತಮಿಳುನಾಡಿನಲ್ಲಿ ಅಣ್ಣಾದೊರೈ ಸರ್ಕಾರ 1967ರಲ್ಲಿ ತಿದ್ದುಪಡಿ ತಂದು ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳಿಗೆ ಮಾನ್ಯತೆ ಕೊಟ್ಟಿತು. ಅಲ್ಲಿ ಆ ವಿಚಾರದ ಹಿಂದೆ ಒಂದು ಚಳವಳಿ ಇತ್ತು, ಪಕ್ಷವಿತ್ತು. ನಮ್ಮಲ್ಲಿ ಒಬ್ಬ ಕವಿಯ ಮೇಲಿನ ಗೌರವವಿತ್ತು. ಗೌರವದಿಂದ ಕಾಯ್ದೆ ಬದಲಾಗುವುದಿಲ್ಲ. ಮುಂದೆ ತಕರಾರು ಬೇಡವೆಂದು ನಾವು ವಿಶೇಷ ವಿವಾಹ ಕಾಯ್ದೆಯ ಅಡಿ ಅರ್ಜಿ ಹಾಕಿ, ಮೂವತ್ತು ದಿನಗಳ ನೋಟಿಸ್ ಅವಧಿ ಕಳೆದ ಮೇಲೆ ಮೂವರು ಸಾಕ್ಷಿಗಳೊಂದಿಗೆ ಸಹಿ ಮಾಡಿದೆವು. ನೋಟಿಸ್ ಹಲಗೆಯ ಮೇಲೆ ನಮ್ಮ ಹೆಸರು ನೋಡಿದ ಯಾರೋ, ಓಡಿಹೋಗಿ ಮದುವೆಯಾಗುತ್ತಿದ್ದಾರೆಂದು ಊರಿಗೆ ಸುದ್ದಿ ಮುಟ್ಟಿಸಿದ್ದರು!

ಆಮೇಲೆ ಏಳೆಂಟು ಮದುವೆಗಳಲ್ಲಿ ನಾನೇ ಪ್ರತಿಜ್ಞೆ ಬೋಧಿಸಿದ್ದೇನೆ. ಹುಡುಗ ಹುಡುಗಿ ಸುಲಭವಾಗಿ ಒಪ್ಪುತ್ತಾರೆ. ಅವರ ಮನೆಗಳಿಗೆ ಹೋದಾಗ ನಾನು ಈಗ ಮೊದಲು ಕೇಳುವುದು ಮುಯ್ಯಿ ಪುಸ್ತಕವನ್ನು. ಊಟದ ವಿಷಯ ಇತ್ಯರ್ಥವಾದರೆ ಮಂತ್ರದ ಬಗ್ಗೆ ಜಗಳವೇ ಏಳುವುದಿಲ್ಲ.

ಹೋದ ತಿಂಗಳು ಚಿಕ್ಕಪ್ಪನ ಮಗ ಬಂದಿದ್ದ. ಛತ್ರ ಗೊತ್ತಾಗಿದೆ, ಹನ್ನೊಂದು ಗಂಟೆಗೆ ಪುರೋಹಿತರು ಬರುತ್ತಾರೆ. "ಅಣ್ಣ, ಅದಕ್ಕೆ ಮೊದಲು, ಹತ್ತು ಗಂಟೆಗೆ ಬಂದು ಪ್ರತಿಜ್ಞೆ ಓದಿಸುತ್ತೀಯಾ?" ಎಂದ. ಮೊದಲಾಗಿದ್ದರೆ ಬೈದು ಕಳುಹಿಸುತ್ತಿದ್ದೆ. ಒಂಬತ್ತೂವರೆಗೇ ಬರುತ್ತೇನೆ, ಮೈಕು ಸಿದ್ಧವಿರಲಿ ಎಂದೆ.