ಬಾಟಲಿ ಮುಳುಗಿತು, ಮುಚ್ಚಳ ತೇಲಿತು: ಮನೆ ಕಸ ಬೇರೆ ಮಾಡುವುದು ಹೇಗೆ, ಅದು ಮುಂದೆ ಏನಾಗುತ್ತದೆ?

ಖಾಲಿಯಾದ ನೀರಿನ ಬಾಟಲಿ ಒಂದನ್ನು ತೆಗೆದುಕೊಳ್ಳಿ. ಕತ್ತರಿಯಲ್ಲಿ ಅದರ ಬದಿಯಿಂದ ಒಂದು ತುಂಡು ಕತ್ತರಿಸಿ. ಆ ತುಂಡು ಮತ್ತು ಬಾಟಲಿಯ ಮುಚ್ಚಳ ಎರಡನ್ನೂ ಒಂದು ಬಕೆಟ್ ನೀರಿಗೆ ಹಾಕಿ. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಬೆರಳಲ್ಲಿ ಅದುಮಿ ಬಿಡಿಸಿ. ಬಾಟಲಿಯ ತುಂಡು ಮೆಲ್ಲಗೆ ತಳ ಸೇರುತ್ತದೆ. ಮುಚ್ಚಳ ಎಷ್ಟು ಸಲ ಮುಳುಗಿಸಿದರೂ ಮೇಲೆ ಬಂದು ತೇಲುತ್ತದೆ.

ಎರಡೂ ಪ್ಲಾಸ್ಟಿಕ್ಕೇ, ಆದರೆ ಬೇರೆ ಬೇರೆ ಜಾತಿ. ಬಾಟಲಿ ಮಾಡಿರುವುದು ಪೆಟ್ ಎಂಬ ಪ್ಲಾಸ್ಟಿಕ್‌ನಿಂದ, ಅದು ನೀರಿಗಿಂತ ಭಾರ. ಮುಚ್ಚಳ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನದು, ನೀರಿಗಿಂತ ಹಗುರ. ಮರುಬಳಕೆ ಕಾರ್ಖಾನೆಯಲ್ಲೂ ಇದೇ ಉಪಾಯ. ಬಾಟಲಿಗಳನ್ನು ಉಗುರಿನಷ್ಟು ಚೂರು ಮಾಡಿ, ತೊಳೆದು, ನೀರಿನ ತೊಟ್ಟಿಗೆ ಸುರಿಯುತ್ತಾರೆ. ಮುಳುಗಿದ್ದು ಒಂದು ಕಡೆ, ತೇಲಿದ್ದು ಇನ್ನೊಂದು ಕಡೆ.

ಆದರೆ ಬಾಟಲಿ ಆ ತೊಟ್ಟಿಯವರೆಗೆ ಹೋಗಬೇಕಲ್ಲ? ಎಂಜಲು ಮೆತ್ತಿಕೊಂಡು, ಕೊಳೆತ ಸಿಪ್ಪೆಯ ನಡುವೆ ಸಿಕ್ಕಿಕೊಂಡರೆ ಅದನ್ನು ಹೆಕ್ಕುವುದೇ ಕಷ್ಟ. ಹೆಕ್ಕಿದರೂ ಕೊಳ್ಳುವವರು ಕಡಿಮೆ. ಬಾಟಲಿ ಬಟ್ಟೆಯಾಗುತ್ತದೋ, ಕಸದ ಗುಂಡಿ ಸೇರುತ್ತದೋ ಅನ್ನುವುದು ಬಹುಪಾಲು ನಮ್ಮ ಅಡುಗೆಮನೆಯಲ್ಲೇ ತೀರ್ಮಾನವಾಗಿರುತ್ತದೆ.

ಇದುವರೆಗೆ ಆ ತೀರ್ಮಾನ ಹೇಗಿತ್ತು ಅನ್ನುವುದಕ್ಕೆ ಒಂದು ಲೆಕ್ಕವಿದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 2015ರವರೆಗೆ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 830 ಕೋಟಿ ಟನ್. ಅದರಲ್ಲಿ 630 ಕೋಟಿ ಟನ್ ಆಗಲೇ ಕಸವಾಗಿತ್ತು. ಆ ಕಸದಲ್ಲಿ ಮರುಬಳಕೆಯಾಗಿದ್ದು ಶೇ 9ರಷ್ಟು ಮಾತ್ರ. ಶೇ 12ರಷ್ಟನ್ನು ಸುಟ್ಟಿದ್ದರು. ಉಳಿದ ಶೇ 79 ಗುಂಡಿಯಲ್ಲೋ, ಬಯಲಲ್ಲೋ, ನೀರಲ್ಲೋ ಹಾಗೇ ಬಿದ್ದಿತ್ತು. ಈ ಅಂಕಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊದಲು ಹಸಿ ಕಸವನ್ನು ಬೇರೆ ಮಾಡಿ

ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಸಿಪ್ಪೆ, ಎಂಜಲು, ಬಾಡಿದ ಹೂವು, ಎಲೆ ಇವೆಲ್ಲ ಒಂದು ಡಬ್ಬಿಗೆ. ಉಳಿದ ಒಣ ಕಸ ಇನ್ನೊಂದಕ್ಕೆ.

ಹಸಿ ಕಸ ಒಣ ಕಸವನ್ನು ಹಾಳು ಮಾಡುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಗುಂಡಿಯ ಒಳಗಿದೆ. ದೊಡ್ಡ ಕಸದ ರಾಶಿಯ ಅಡಿಗೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಅನಿಲ ಹೊರಡುತ್ತದೆ. 20 ವರ್ಷಗಳ ಲೆಕ್ಕದಲ್ಲಿ ನೋಡಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ. ಅದೇ ಸಿಪ್ಪೆಯನ್ನು ಒಣಗಿದ ಎಲೆಯ ಜೊತೆ ಪದರ ಪದರವಾಗಿ ಹಾಕಿ, ಆಗಾಗ ಕೆದಕಿ ಗಾಳಿ ಆಡಿಸಿದರೆ ಗೊಬ್ಬರವಾಗುತ್ತದೆ. ಚೆನ್ನಾಗಿ ನಡೆಯುತ್ತಿರುವ ರಾಶಿಯ ನಡುವೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಒಳಗೆ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತಿವೆ ಅನ್ನುವುದಕ್ಕೆ ಅದೇ ಗುರುತು. ಕೆಟ್ಟ ವಾಸನೆ ಬಂದರೆ ನೀರಂಶ ಜಾಸ್ತಿಯಾಗಿದೆ ಎಂದರ್ಥ, ಇನ್ನಷ್ಟು ಒಣ ಎಲೆ ಸೇರಿಸಿ.

ತೊಳೆಯಿರಿ, ಒಣಗಿಸಿ

ಬಾಟಲಿ, ಡಬ್ಬಿಗಳನ್ನು ಪಾತ್ರೆ ತೊಳೆದಂತೆ ಉಜ್ಜಬೇಕಾಗಿಲ್ಲ. ಸ್ವಲ್ಪ ನೀರು ಹಾಕಿ ಕುಲುಕಿ ಚೆಲ್ಲಿದರೆ ಸಾಕು. ಪಾತ್ರೆ ತೊಳೆದ ಕೊನೆಯ ನೀರೂ ಆಗುತ್ತದೆ. ಆಮೇಲೆ ಬೋರಲು ಹಾಕಿ, ಒಣಗಲಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಒಮ್ಮೆ ನಾನು ತಳದಲ್ಲಿ ಎರಡು ಬೆರಳಿನಷ್ಟು ಎಣ್ಣೆ ಉಳಿದಿದ್ದ ಬಾಟಲಿಯನ್ನು ಹಾಗೇ ಒಣ ಕಸದ ಚೀಲಕ್ಕೆ ಹಾಕಿದ್ದೆ. ಅದರ ಕೆಳಗೆ ಒಂದು ತಿಂಗಳ ಪತ್ರಿಕೆಗಳಿದ್ದವು. ಮುಚ್ಚಳ ಸಡಿಲವಿತ್ತು. ಮೂರು ದಿನ ಬಿಟ್ಟು ನೋಡಿದರೆ ಪತ್ರಿಕೆಗಳ ಇಡೀ ಕಟ್ಟಿನೊಳಗೆ ಎಣ್ಣೆ ಇಳಿದಿತ್ತು. ಒಂದು ನಿಮಿಷದ ಕೆಲಸ ಬಿಟ್ಟಿದ್ದಕ್ಕೆ ಒಂದು ತಿಂಗಳ ಕಾಗದ ಹೋಯಿತು.

ಕಾಗದ: ಎಳೆ ಉದ್ದವಿದ್ದಷ್ಟೂ ಬೆಲೆ

ಪತ್ರಿಕೆಯ ಹಾಳೆಯೊಂದನ್ನು ಹರಿದು, ಹರಿದ ಅಂಚನ್ನು ಬೆಳಕಿಗೆ ಹಿಡಿಯಿರಿ. ಸಣ್ಣ ಕೂದಲಿನಂಥ ಎಳೆಗಳು ಕಾಣುತ್ತವೆ. ಅವು ಮರದ ನಾರು. ಕಾಗದ ಅಂದರೆ ಆ ನಾರುಗಳು ಒಂದಕ್ಕೊಂದು ಹೆಣೆದುಕೊಂಡ ಚಾಪೆ. ಕಾರ್ಖಾನೆಯಲ್ಲಿ ಹಳೆ ಕಾಗದವನ್ನು ದೊಡ್ಡ ಮಿಕ್ಸಿಯಂಥ ತೊಟ್ಟಿಯಲ್ಲಿ ನೀರಿನ ಜೊತೆ ಕಡೆದು ಗಂಜಿ ಮಾಡುತ್ತಾರೆ. ಸ್ಟೇಪ್ಲರ್ ಪಿನ್‌ಗಳು ಜರಡಿಯಲ್ಲಿ ನಿಲ್ಲುತ್ತವೆ, ಹಾಗಾಗಿ ಅವನ್ನು ಕೂತು ಕೀಳುವ ಅಗತ್ಯವಿಲ್ಲ. ಶಾಯಿ ತೆಗೆಯುವ ರೀತಿ ನನಗೆ ತುಂಬ ಇಷ್ಟ. ಗಂಜಿಗೆ ಸಾಬೂನಿನಂಥ ದ್ರಾವಣ ಸೇರಿಸಿ ಕೆಳಗಿನಿಂದ ಗಾಳಿ ಊದುತ್ತಾರೆ. ಶಾಯಿಯ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ಬರುತ್ತವೆ. ಕಪ್ಪು ನೊರೆಯನ್ನು ಬಾಚಿ ತೆಗೆದರೆ ಕೆಳಗೆ ಬಿಳಿ ಗಂಜಿ.

ಪ್ರತಿ ಸುತ್ತಿನಲ್ಲೂ ನಾರು ತುಂಡಾಗಿ ಗಿಡ್ಡವಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಸುತ್ತು ಬಾಳುತ್ತದೆ. ಅದಕ್ಕೇ ಬರೆಯುವ ಬಿಳಿ ಹಾಳೆ ಮುಂದೆ ಪತ್ರಿಕೆಯ ಕಾಗದವಾಗಿ, ಆಮೇಲೆ ರಟ್ಟಿನ ಪೆಟ್ಟಿಗೆಯಾಗಿ, ಕೊನೆಗೆ ಮೊಟ್ಟೆಯ ಟ್ರೇ ಆಗಿ ಇಳಿಯುತ್ತಾ ಹೋಗುತ್ತದೆ. ಟಿಶ್ಯೂ ಕಾಗದದ ನಾರು ಹೆಚ್ಚಾಗಿ ತೀರಾ ಗಿಡ್ಡ, ಅದನ್ನು ಕಾಗದದ ಜೊತೆ ಸೇರಿಸಬೇಡಿ. ಎಣ್ಣೆ ಹೀರಿದ ಕಾಗದವೂ ಬೇಡ. ನೀರಲ್ಲಿ ಎಷ್ಟು ಕಡೆದರೂ ಜಿಡ್ಡು ನಾರು ಬಿಡುವುದಿಲ್ಲ, ಹೊಸ ಹಾಳೆಯಲ್ಲಿ ಕಲೆಯಾಗಿ ಉಳಿಯುತ್ತದೆ. ಅಂಗಡಿಯ ಬಿಲ್ ಇದ್ದರೆ ಉಗುರಿನಲ್ಲಿ ಜೋರಾಗಿ ಗೀರಿ ನೋಡಿ. ಗೀರಿದ ಕಡೆ ಕಪ್ಪಾದರೆ ಅದು ಶಾಖಕ್ಕೆ ಬಣ್ಣ ಬಿಡುವ ರಾಸಾಯನಿಕ ಲೇಪಿಸಿದ ಕಾಗದ. ಅದೂ ಹೊರಗಿರಲಿ.

ಹಾಲು, ಹಣ್ಣಿನ ರಸ ತುಂಬಿ ಬರುವ ರಟ್ಟಿನ ಪೊಟ್ಟಣಗಳು ನೋಡಲು ಕಾಗದ. ಒಳಗೆ ಪಾಲಿಎಥಿಲೀನ್ ಪದರ ಇರುತ್ತದೆ, ಹಲವಕ್ಕೆ ಅಲ್ಯೂಮಿನಿಯಂ ಪದರವೂ ಇರುತ್ತದೆ. ಇವುಗಳನ್ನು ಪ್ರತ್ಯೇಕವಾಗಿ ಇಡಿ. ಇವಕ್ಕೆಂದೇ ಇರುವ ಕಾರ್ಖಾನೆಯಲ್ಲಿ ನಾರು ಬಿಡಿಸಿಕೊಂಡು, ಉಳಿದ ಪದರಗಳನ್ನು ಬಿಸಿ ಮಾಡಿ ಒತ್ತಿ ಹಲಗೆ, ಚಾವಣಿ ಹಾಳೆ ಮಾಡುತ್ತಾರೆ.

ಲೋಹ: ಒಂದು ಆಯಸ್ಕಾಂತ ಸಾಕು

ಆಯಸ್ಕಾಂತಕ್ಕೆ ಅಂಟಿದ ಡಬ್ಬಿ ಉಕ್ಕು. ಅಂಟದ ಹಗುರ ಡಬ್ಬಿ ಅಲ್ಯೂಮಿನಿಯಂ. ಈ ಎರಡನ್ನೂ ಎಷ್ಟು ಸಲ ಕರಗಿಸಿದರೂ ಲೋಹ ಸವೆಯುವುದಿಲ್ಲ. ಕಾಗದಕ್ಕೂ ಪ್ಲಾಸ್ಟಿಕ್‌ಗೂ ಇಲ್ಲದ ಗುಣ ಇದು.

ನಿಮ್ಮ ಮನೆಯ ಒಣ ಕಸದಲ್ಲಿ ಒಂದೇ ಒಂದು ವಸ್ತುವನ್ನು ಕಾಪಾಡುವುದಾದರೆ ಅಲ್ಯೂಮಿನಿಯಂ ಕಾಪಾಡಿ ಎಂದು ನಾನು ಹೇಳುತ್ತೇನೆ. ಬಾಕ್ಸೈಟ್ ಅದಿರನ್ನು ಅಗೆದು, ಶುದ್ಧ ಮಾಡಿ, ಕರಗಿಸಿ, ಅದರೊಳಗೆ ಭಾರೀ ವಿದ್ಯುತ್ ಹರಿಸಿದರೆ ಮಾತ್ರ ಹೊಸ ಅಲ್ಯೂಮಿನಿಯಂ ಸಿಗುತ್ತದೆ. 1886ರಲ್ಲಿ ಕಂಡುಹಿಡಿದ ಈ ವಿಧಾನವೇ ಇಂದಿಗೂ ನಡೆಯುತ್ತಿದೆ. ಹಳೆ ಡಬ್ಬಿಯಲ್ಲಿ ಆ ವಿದ್ಯುತ್ ಆಗಲೇ ಖರ್ಚಾಗಿ ಕೂತಿದೆ. 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಕರಗುತ್ತದೆ, ಅಷ್ಟೇ ಬೇಕಾಗಿರುವುದು. ಅದಿರಿನಿಂದ ಮಾಡುವುದಕ್ಕೆ ಹೋಲಿಸಿದರೆ ಸುಮಾರು ಶೇ 95ರಷ್ಟು ಶಕ್ತಿ ಉಳಿಯುತ್ತದೆ. ಕರಗಿದ ಡಬ್ಬಿ ಮತ್ತೆ ಡಬ್ಬಿಯಾಗಬಹುದು, ಇಲ್ಲವೇ ಕಾರಿನ ಬಿಡಿಭಾಗವಾಗಬಹುದು.

ಊಟ ಕಟ್ಟುವ ಫಾಯಿಲ್ ಕೂಡ ಅಲ್ಯೂಮಿನಿಯಮ್ಮೇ. ಚೂರು ಚೂರಾಗಿ ಹಾಕಿದರೆ ಜರಡಿಯಲ್ಲಿ ಜಾರಿ ಹೋಗುತ್ತದೆ. ಒರೆಸಿ, ಒಂದರ ಮೇಲೊಂದು ಸುತ್ತುತ್ತಾ ಮುಷ್ಟಿ ಗಾತ್ರದ ಉಂಡೆ ಮಾಡಿ ಕೊಡಿ.

ಗಾಜು

ಒಡೆಯದ ಬಾಟಲಿಯನ್ನು ತೊಳೆದು ಮತ್ತೆ ತುಂಬಿಸುವುದೇ ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಮರುಬಳಕೆಗೆ. ಮರಳು, ಸೋಡಾ ಬೂದಿ, ಸುಣ್ಣದ ಕಲ್ಲು ಸೇರಿಸಿ ಗಾಜು ಮಾಡುವ ಕುಲುಮೆ ಸುಮಾರು 1500 ಡಿಗ್ರಿಯಲ್ಲಿ ಉರಿಯುತ್ತದೆ. ಹಳೆ ಗಾಜಿನ ಚೂರು ಸೇರಿಸಿದರೆ ಕಡಿಮೆ ಶಾಖಕ್ಕೇ ಕರಗುತ್ತದೆ. ಪಿಂಗಾಣಿ, ಕನ್ನಡಿ, ಒಲೆಗೆ ಇಡುವ ಗಾಜಿನ ಪಾತ್ರೆ ಇದರಲ್ಲಿ ಸೇರಬಾರದು. ಪಿಂಗಾಣಿಯ ಚೂರು ಕರಗದೆ ಹೊಸ ಬಾಟಲಿಯ ಮೈಯಲ್ಲಿ ಕಲ್ಲಿನಂತೆ ಉಳಿದುಬಿಡುತ್ತದೆ, ಬಾಟಲಿ ಅಲ್ಲೇ ಸೀಳುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ‘ಒಡೆದ ಗಾಜು’ ಎಂದು ಬರೆದು, ಕೈಯಲ್ಲೇ ಕೊಡಿ. ಅದನ್ನು ವಿಂಗಡಿಸುವುದು ಒಬ್ಬ ಮನುಷ್ಯನ ಬೆರಳುಗಳು.

ಪ್ಲಾಸ್ಟಿಕ್: ತಳದ ಸಂಖ್ಯೆ ಓದಿ

ಒಂದನ್ನೊಂದು ಬೆನ್ನಟ್ಟುವ ಮೂರು ಬಾಣಗಳ ಗುರುತು ನೋಡಿರುತ್ತೀರಿ. 1970ರಲ್ಲಿ ಅಮೆರಿಕದ ಗ್ಯಾರಿ ಆಂಡರ್ಸನ್ ಎಂಬ ವಿದ್ಯಾರ್ಥಿ ಒಂದು ಸ್ಪರ್ಧೆಗಾಗಿ ಬರೆದ ಚಿತ್ರ ಅದು. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಅಂಥದೇ ಬಾಣಗಳ ನಡುವೆ 1ರಿಂದ 7ರವರೆಗಿನ ಒಂದು ಸಂಖ್ಯೆ ಇರುತ್ತದೆ. ಈ ಸಂಖ್ಯೆ ಬಂದಿದ್ದು 1988ರಲ್ಲಿ. ಬಾಣ ಇದೆ ಅಂದ ಮೇಲೆ ಮರುಬಳಕೆ ಆಗೇ ಆಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಸಂಖ್ಯೆ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ.

1 ಅಂದರೆ ಪೆಟ್. ತೊಳೆದ ಚೂರುಗಳನ್ನು ಕರಗಿಸಿ, ಸಣ್ಣ ತೂತುಗಳಿಂದ ಒತ್ತಿ ಹೊರಗೆಳೆದರೆ ಪಾಲಿಯೆಸ್ಟರ್ ನೂಲು. ಟೀ ಶರ್ಟ್, ಉಣ್ಣೆಯಂತೆ ಕಾಣುವ ಫ್ಲೀಸ್ ಜಾಕೆಟ್, ದಿಂಬಿನ ಒಳಗಿನ ತುಂಬು, ನೆಲಹಾಸು ಆಗುತ್ತದೆ. ಚೆನ್ನಾಗಿ ಶುದ್ಧ ಮಾಡಿದರೆ ಮತ್ತೆ ಬಾಟಲಿಯೂ ಆಗುತ್ತದೆ. 2 ಎಂದಿರುವ ಗಟ್ಟಿ ಬಾಟಲಿಗಳಿಂದ, ಅಂದರೆ ಶಾಂಪೂ, ಬಟ್ಟೆ ಸೋಪಿನ ದ್ರವದ ಡಬ್ಬಿಗಳಿಂದ, ಪೈಪು, ಬಕೆಟ್ ಮಾಡುತ್ತಾರೆ. 4 ತೆಳು ಚೀಲ. 5 ಪಾಲಿಪ್ರೊಪಿಲೀನ್, ಅದರಿಂದ ಕ್ರೇಟು, ಬ್ಯಾಟರಿಯ ಹೊರಕವಚ ಮಾಡುತ್ತಾರೆ.

3 ಪಿವಿಸಿ. ಇದು ಪೆಟ್‌ನ ಶತ್ರು. ಎರಡೂ ನೀರಲ್ಲಿ ಮುಳುಗುತ್ತವೆ, ಹಾಗಾಗಿ ಆ ತೊಟ್ಟಿ ಇಲ್ಲಿ ಕೈಕೊಡುತ್ತದೆ. ಪೆಟ್ ಕರಗುವ ಶಾಖದಲ್ಲಿ ಪಿವಿಸಿ ಕರಕಲಾಗಿ ಆಮ್ಲ ಬಿಡುತ್ತದೆ, ಇಡೀ ಪಾಕವನ್ನು ಕೆಡಿಸುತ್ತದೆ. 6ನೆಯದರಲ್ಲಿ ಥರ್ಮಾಕೋಲ್ ಸೇರಿದೆ. ಅದರ ಬಹುಭಾಗ ಗಾಳಿಯೇ, ಲಾರಿ ತುಂಬ ಹೇರಿದರೂ ತೂಕ ಸಿಗುವುದಿಲ್ಲ. ಹಾಗಾಗಿ ಅದನ್ನು ಒಯ್ಯುವವರು ಕಡಿಮೆ.

ಇನ್ನು ತಿಂಡಿ ಪೊಟ್ಟಣಗಳು. ಮಿರಮಿರ ಮಿನುಗುವ ಪೊಟ್ಟಣವನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಹಾಗೇ ಮುದುಡಿಕೊಂಡಿದ್ದರೆ ಫಾಯಿಲ್. ಚರಚರ ಎಂದು ಬಿಚ್ಚಿಕೊಂಡರೆ ಲೋಹದ ಲೇಪವಿರುವ ಪ್ಲಾಸ್ಟಿಕ್. ಹಲವು ಪದರ ಅಂಟಿಸಿ ಮಾಡಿದ ಇಂಥ ಪೊಟ್ಟಣಗಳನ್ನು ಬಿಡಿಸುವುದು ತುಂಬಾ ಕಷ್ಟ. ಇಲ್ಲಿ ನಾವು ಎಷ್ಟೇ ತೊಳೆದರೂ ಸಿಗುವ ಫಲ ಕಡಿಮೆ. ಪ್ಲಾಸ್ಟಿಕ್ ಪ್ರತಿ ಸಲ ಕರಗಿದಾಗಲೂ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ ಅನ್ನುವುದೂ ನಿಜ. ಹಾಗಾಗಿ ಇಂಥವನ್ನು ಮನೆಗೆ ತರುವುದನ್ನೇ ಕಡಿಮೆ ಮಾಡುವುದು ನನಗೆ ತೋಚುವ ಸರಿಯಾದ ದಾರಿ.

ಬ್ಯಾಟರಿ, ಹಳೆ ಫೋನ್: ಯಾವ ಡಬ್ಬಿಗೂ ಬೇಡ

ಡ್ರಾಯರಿನಲ್ಲಿ ಸುಮ್ನೆ ಬಿದ್ದಿರುವ ಹಳೆ ಫೋನಿನ ಒಳಗೆ ಚಿನ್ನವಿದೆ. ಬೆಳ್ಳಿ, ತಾಮ್ರವೂ ಇದೆ. ಟೋಕಿಯೊ 2020 ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ಗೆ ಬೇಕಾದ ಸುಮಾರು 5,000 ಪದಕಗಳ ಲೋಹವನ್ನು ಜಪಾನ್ ಪೂರ್ತಿ ಇಂಥ ಹಳೆ ಸಾಮಾನಿನಿಂದಲೇ ತೆಗೆಯಿತು. ಜನ ಕೊಟ್ಟ ಸುಮಾರು 62 ಲಕ್ಷ ಮೊಬೈಲುಗಳು ಮತ್ತು 79 ಸಾವಿರ ಟನ್‌ನಷ್ಟು ಸಣ್ಣ ವಿದ್ಯುತ್ ಉಪಕರಣಗಳಿಂದ 32 ಕಿಲೊ ಚಿನ್ನ, 3,500 ಕಿಲೊ ಬೆಳ್ಳಿ, 2,200 ಕಿಲೊ ಕಂಚು ಸಿಕ್ಕಿತು. 2021ರಲ್ಲಿ ಕ್ರೀಡಾಕೂಟ ನಡೆದಾಗ ಗೆದ್ದವರ ಕೊರಳಲ್ಲಿದ್ದದ್ದು ಯಾರದೋ ಮನೆಯ ಹಳೆ ಫೋನು.

ಕೊಡುವ ಮೊದಲು ಫೋನಿನಲ್ಲಿರುವುದನ್ನೆಲ್ಲ ಅಳಿಸಿ. ಸಿಮ್, ಮೆಮೊರಿ ಕಾರ್ಡ್ ತೆಗೆದಿಡಿ. ಇ-ಕಸ ಸಂಗ್ರಹಿಸುವವರಿಗೇ ಕೊಡಿ. ಲಿಥಿಯಂ ಬ್ಯಾಟರಿ ಬೇರೆಯಾಗಿದ್ದರೆ ಅದರ ಲೋಹದ ತುದಿಗಳಿಗೆ ಟೇಪ್ ಅಂಟಿಸಿ. ಕಸದ ಲಾರಿಯಲ್ಲಿ ರಾಶಿಯನ್ನು ಒತ್ತುವಾಗ ಅಂಥ ಒಂದು ಬ್ಯಾಟರಿ ಜಜ್ಜಿದರೆ ಸಾಕು, ಬೆಂಕಿ ಹತ್ತುತ್ತದೆ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ, ಚಾರ್ಜ್ ಮಾಡಬೇಡಿ. ಕೊಟ್ಟು ಬರುವವರೆಗೆ ಕಾಗದ, ಬಟ್ಟೆ ಹತ್ತಿರವಿಲ್ಲದ ಜಾಗದಲ್ಲಿ, ತಂಪಾದ ನೆಲದ ಮೇಲೆ ಇಟ್ಟಿರಿ.