ಮಗುಗೆ ಥೆರಪಿ ಬೇಕು ಅನ್ಸಿದಾಗ ಯಾರ ಹತ್ರ ಹೋಗ್ಬೇಕು, ಏನೇನ್ ಕೇಳ್ಬೇಕು

ಎರಡು ವರ್ಷ ಆದ್ರೂ ಮಗು ಎರಡು ಪದ ಸೇರಿಸಿ ಮಾತಾಡ್ತಿಲ್ಲ, ಹೆಸರು ಕರೆದ್ರೆ ತಿರುಗಿ ನೋಡಲ್ಲ, ಏನಾದ್ರೂ ಬೇಕಂದ್ರೆ ಬೆರಳು ಮಾಡಿ ತೋರಿಸದೆ ನಿಮ್ಮ ಕೈನೇ ಹಿಡ್ಕೊಂಡು ಎಳೀತಾನೆ, ಅಥವಾ ಮೊದ್ಲು ಬರ್ತಿದ್ದ ನಾಲ್ಕು ಮಾತೂ ನಿಂತೋಗಿದೆ ಅಂದ್ರೆ ಕಾಯಬೇಡಿ. ಕಿವಿ ತೊಂದರೆ ಇರ್ಬಹುದು, ಮಾತು ತಡ ಆಗ್ತಿರ್ಬಹುದು, ಇಲ್ಲಾ ಆಟಿಸಂ ಇರ್ಬಹುದು, ಅಂದ್ರೆ ಮಾತು, ಬೇರೆಯವ್ರ ಜೊತೆ ಬೆರೆಯೋದು, ನಡವಳಿಕೆ ಇವೆಲ್ಲ ಬೇರೆ ಥರ ಬೆಳೆಯೋ ಸ್ಥಿತಿ. ಅವ್ರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು ಅಂತ ಅಜ್ಜಿ ಹೇಳ್ತಾರೆ, ಬಜೆ ತೇಯ್ದು ನೆಕ್ಕಿಸಿ ಅಂತ ಪಕ್ಕದ್ಮನೆಯವ್ರು, ನರ್ಸರಿಗೆ ಹಾಕಿ ಎಲ್ಲಾ ಸರಿ ಹೋಗುತ್ತೆ ಅಂತ ಇನ್ಯಾರೋ. ಎಲ್ರೂ ಪ್ರೀತಿಯಿಂದಾನೇ ಹೇಳೋದು, ಆದ್ರೆ ಒಂದ್ಸಲ ತೋರಿಸಿದ್ರೆ ಕಳ್ಕೊಳ್ಳೋದು ಏನೂ ಇಲ್ಲ, ಕಾದ್ರೆ ಕಲಿಯೋ ವಯಸ್ಸು ಹೋಗ್ತಾ ಇರುತ್ತೆ.

ಮೊದ್ಲು ಕಿವಿ ಟೆಸ್ಟ್ ಮಾಡ್ಸಿ. ಮಿಕ್ಸಿ ಸೌಂಡಿಗೆ ಕಿವಿ ಮುಚ್ಕೋತಾನೆ ಅಂದ್ರೆ ಕಿವಿ ಚೆನ್ನಾಗೇ ಕೇಳ್ಸುತ್ತೆ ಅಲ್ವಾ ಅಂತ ತುಂಬಾ ಜನ ಇದನ್ನ ಬಿಟ್ಬಿಡ್ತಾರೆ, ಆದ್ರೆ ಕೆಲವು ಮಕ್ಕಳಿಗೆ ಜೋರು ಸೌಂಡ್ ಕೇಳಿದ್ರೂ ಮಾತಿನ ಸಣ್ಣ ಸಣ್ಣ ಶಬ್ದ ಸರಿಯಾಗಿ ಕೇಳಲ್ಲ, ಅದಕ್ಕೇ ಕಿವಿ ಕೇಳ್ಸೋದನ್ನ ಪರೀಕ್ಷೆ ಮಾಡೋ ಆಡಿಯಾಲಜಿಸ್ಟ್ ಹತ್ರ ಓಎಇ (ಒಳಕಿವಿ ಕೆಲಸ ನೋಡೋ ಟೆಸ್ಟ್), ಬೇಕಾದ್ರೆ ಮಗು ಮಲಗಿದ್ದಾಗ ಬೆರಾ (ಶಬ್ದ ಕಿವಿಯಿಂದ ಮೆದುಳಿನ ಕಡೆ ಹೋಗ್ತಿದ್ಯಾ ನೋಡೋ ಟೆಸ್ಟ್) ಮಾಡ್ತಾರೆ. ಆಮೇಲೆ ಡೆವಲಪ್‌ಮೆಂಟಲ್ ಪೀಡಿಯಾಟ್ರಿಶಿಯನ್ (ಮಕ್ಕಳ ಬೆಳವಣಿಗೆ ನೋಡೋ ಡಾಕ್ಟ್ರು), ಇಲ್ಲಾಂದ್ರೆ ಮಕ್ಕಳ ಸೈಕಿಯಾಟ್ರಿಸ್ಟ್. ಆಟಿಸಂ ಇದೆ ಅಂತ ಹೇಳೋಕೆ ರಕ್ತ ಪರೀಕ್ಷೆ, ಸ್ಕ್ಯಾನ್ ಅಂತ ಏನಿಲ್ಲ, ಮಗುನ ಗಮನಿಸಿ ನಿಮ್ಮ ಹತ್ರ ಮಾತಾಡಿನೇ ಹೇಳೋದು. ಹೊಸ ಜಾಗದಲ್ಲಿ ಮಗು ಅಳ್ತಾ ಕೂತ್ರೆ ಡಾಕ್ಟ್ರಿಗೆ ಏನೂ ಕಾಣಲ್ಲ, ಹಾಗಾಗಿ ಮನೇಲಿ ಆಟ ಆಡೋದು, ಊಟ ಮಾಡೋದು, ಹೆಸರು ಕರೆದಾಗ ಏನ್ ಮಾಡ್ತಾನೆ ಅನ್ನೋದು ಎಲ್ಲಾ ಫೋನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಮಾಡ್ಕೊಂಡು ಹೋಗಿ.

ಎಲ್ಲಿಗೆ ಅಂದ್ರೆ, ದೊಡ್ಡ ಪ್ರೈವೇಟ್ ಸೆಂಟರ್‌ಗೇ ಹೋಗ್ಬೇಕು ಅಂತಿಲ್ಲ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅನ್ನೋ ಸರ್ಕಾರದ ಮಕ್ಕಳ ಆರೋಗ್ಯ ಸ್ಕೀಮಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಇಐಸಿ ಅಂತ, ಅಂದ್ರೆ ಮಕ್ಕಳ ಬೆಳವಣಿಗೆ ತೊಂದರೆನ ಬೇಗ ಗುರುತಿಸಿ ಸಹಾಯ ಮಾಡೋ ಸೆಂಟರ್ ಮಾಡಿದಾರೆ, ಫ್ರೀ, ನಿಮ್ಮ ಅಂಗನವಾಡಿ ಟೀಚರ್‌ನೋ ಆಶಾ ಕಾರ್ಯಕರ್ತೆನೋ ಕೇಳಿದ್ರೆ ದಾರಿ ತೋರಿಸ್ತಾರೆ. ಬೆಂಗಳೂರಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗ ಇದೆ, ಮೈಸೂರಿನ ಮಾನಸಗಂಗೋತ್ರಿಲಿ ಆಯಿಷ್ ಇದೆ, ಅದೇ ವಾಕ್ ಶ್ರವಣ ಸಂಸ್ಥೆ. ಕಿವಿ, ಮಾತು, ಸೈಕಾಲಜಿ ಎಲ್ಲಾ ಅಲ್ಲಿ ಒಂದೇ ಕ್ಯಾಂಪಸ್ಸಲ್ಲಿ ಸಿಗುತ್ತೆ ಅಂತಾನೇ ಎಲ್ಲೆಲ್ಲಿಂದಲೋ ಜನ ಬರ್ತಾರೆ.

ಇನ್ನು ಯಾರು ಏನ್ ಮಾಡ್ತಾರೆ. ಸ್ಪೀಚ್ ಥೆರಪಿಸ್ಟ್ ಅಂದ್ರೆ ಬರೀ ಪದ ಹೇಳ್ಸೋದು ಅಂದ್ಕೋಬೇಡಿ, ಮಗು ತನಗೆ ಬೇಕಾದ್ದನ್ನ ಹೇಗಾದ್ರೂ ತಿಳಿಸೋದು, ನೀವು ಹೇಳಿದ್ದು ಅರ್ಥ ಮಾಡ್ಕೊಳ್ಳೋದು, ಸರದಿ ಪ್ರಕಾರ ಆಡೋದು ಎಲ್ಲಾ ಅವ್ರ ಕೆಲ್ಸಾನೇ. ಅವ್ರು ಚಿತ್ರದ ಕಾರ್ಡ್ ಕೊಟ್ರೆ ಇನ್ ಮಾತೇ ಬರಲ್ವೇನೋ ಅಂತ ಹೆದರ್ಬೇಡಿ, ಕಾರ್ಡ್‌ನಿಂದ ಮಾತು ನಿಲ್ಲಲ್ಲ, ಸುಮಾರು ಮಕ್ಕಳಿಗೆ ಅದ್ರಿಂದ ಸಹಾಯಾನೇ ಆಗುತ್ತೆ. ಕೂದಲು ಕತ್ತರಿಸೋಕೆ ಬಿಡಲ್ಲ, ಬಟ್ಟೆ ಲೇಬಲ್ ಚುಚ್ಚುತ್ತೆ ಅಂತ ಅಳ್ತಾನೆ, ಮೊಸರನ್ನ ಬಿಟ್ಟು ಬೇರೇನೂ ಮುಟ್ಟಲ್ಲ, ಗುಂಡಿ ಹಾಕೋಕೆ ಬರಲ್ಲ ಅಂದ್ರೆ ಆಕ್ಯುಪೇಷನಲ್ ಥೆರಪಿಸ್ಟ್, ಎಲ್ರೂ ಓಟಿ ಅಂತಾರೆ. ಕಲಿಕೆಗೆ ಸ್ಪೆಷಲ್ ಎಜುಕೇಟರ್, ಅಸೆಸ್‌ಮೆಂಟ್‌ಗೆ ಮತ್ತೆ ನಡವಳಿಕೆ ವಿಚಾರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್.

ಇವ್ರ ಹತ್ರ ಕ್ವಾಲಿಫಿಕೇಷನ್ ಕೇಳೋಕೆ ಸಂಕೋಚ ಬೇಡ. ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್, ಕ್ಲಿನಿಕಲ್ ಸೈಕಾಲಜಿಸ್ಟ್ ಮೂವರಿಗೂ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ರಿಜಿಸ್ಟ್ರೇಷನ್ ಇರ್ಲೇಬೇಕು, ಸಿಆರ್‌ಆರ್ ನಂಬರ್, ಅಂದ್ರೆ ಆ ರಿಜಿಸ್ಟ್ರೇಷನ್ ನಂಬರ್ ಕೊಡಿ ಮೇಡಂ ಅಂತ ಕೇಳಿ, ಇದ್ದವ್ರು ಬೇಜಾರಿಲ್ದೆ ಕೊಡ್ತಾರೆ. ಓಟಿಗಳು ಆರ್‌ಸಿಐ ಕೆಳಗೆ ಬರಲ್ಲ, ಅವ್ರ ಹತ್ರ ಆಕ್ಯುಪೇಷನಲ್ ಥೆರಪಿ ಓದಿರೋ ಬಿಓಟಿ ಅಥವಾ ಎಂಓಟಿ ಡಿಗ್ರಿ ಇದ್ಯಾ ಅಂತ ಕೇಳಿ.

ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳೋದು ಇದೊಂದನ್ನ: ಸೆಷನ್ ನಡೆಯುವಾಗ ಒಳಗೆ ಕೂತ್ಕೊಳ್ಳಿ. ವಾರಕ್ಕೆ ಎರಡು ಸಲ 45 ನಿಮಿಷ ಅಂದ್ರೆ ಒಂದೂವರೆ ಗಂಟೆ ಆಯ್ತು, ಉಳಿದ ಅಷ್ಟೂ ಹೊತ್ತು ಮಗು ನಿಮ್ಮ ಜೊತೆ ಇರುತ್ತೆ, ಹಾಗಾಗಿ ಒಳ್ಳೆ ಥೆರಪಿಸ್ಟ್ ಮಗುಗೆ ಕಲಿಸ್ತಾನೇ ನಿಮಗೂ ಕಲಿಸ್ತಾರೆ. ಈ ವಾರ ಮನೇಲಿ ಏನ್ ಮಾಡ್ಲಿ, ಒಂದ್ಸಲ ನಾನು ಮಾಡ್ತೀನಿ ನೋಡಿ ಹೇಳಿ ಅನ್ನಿ. ದೋಸೆ ಪೂರ್ತಿ ಒಂದೇ ಸಲ ತಟ್ಟೆಗೆ ಹಾಕ್ದೆ ಚಿಕ್ಕ ತುಂಡು ಕೊಟ್ಟು, ಖಾಲಿ ಆದ್ಮೇಲೆ ಮಗು ಮುಖ ನೋಡ್ತಾ ಸ್ವಲ್ಪ ಹೊತ್ತು ಕಾಯಿರಿ, ಅವ್ನು ನೋಡಿದ್ರೂ ಕೈ ಚಾಚಿದ್ರೂ ಅದೇ ಕೇಳಿದ ಹಾಗೆ ಅಂತ "ದೋಸೆ ಬೇಕು" ಅಂತ ನೀವೇ ಹೇಳಿ ತಕ್ಷಣ ಕೊಡಿ. ಜೋಕಾಲಿ ತಳ್ಳುವಾಗ ಒಂದು, ಎರಡು ಅಂದು ನಿಲ್ಸಿ, ಮೂರು ಅನ್ನೋ ಜಾಗ ಅವ್ನಿಗೆ ಬಿಡಿ. ಹಸಿವಲ್ಲಿ ಅಳ್ತಾ ಇರೋ ಮಗುನ ಮಾತ್ರ ಕಾಯ್ಸಬೇಡಿ, ಹೇಳಿದ್ರೇನೇ ಕೊಡ್ತೀನಿ ಅಂತ ಹಟಾನೂ ಮಾಡ್ಬೇಡಿ.

ಗೋಲ್ ಏನು ಅಂತ ಬರೆಸ್ಕೊಳ್ಳಿ. "ಮಾತು ಇಂಪ್ರೂವ್ ಆಗ್ಬೇಕು" ಅಂತ ಬರೆದ್ರೆ ಆಗಿದೆಯೋ ಇಲ್ವೋ ಹೇಗ್ ಗೊತ್ತಾಗುತ್ತೆ? ನೀರು ಬೇಕಾದಾಗ ಅಳದೆ ಲೋಟ ತೋರಿಸ್ಬೇಕು ಅಂತಿದ್ರೆ ಮನೇಲಿ ಅಜ್ಜಿ ಕೂಡ ನೋಡಿ ಹೇಳ್ಬಹುದು.

ಭಾಷೆ ವಿಚಾರ. ಸ್ಕೂಲಲ್ಲಿ ಇಂಗ್ಲಿಷ್ ಇರುತ್ತೆ, ಮಗುಗೆ ಕನ್‌ಫ್ಯೂಸ್ ಆಗುತ್ತೆ, ಮನೇಲೂ ಇಂಗ್ಲಿಷೇ ಮಾತಾಡಿ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ಕನ್ನಡ ಬಿಡ್ಬೇಡಿ. ಎರಡು ಭಾಷೆ ಕೇಳಿದ್ರಿಂದ ಆಟಿಸಂ ಇರೋ ಮಕ್ಕಳ ಮಾತು ಹಿಂದೆ ಬೀಳುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಅಮ್ಮ ತಡವರಿಸ್ತಾ "ಕಮ್, ಸಿಟ್, ಈಟ್" ಅನ್ನೋದು ಬಿಟ್ರೆ ಬೇರೆ ಮಾತೇ ಬರ್ದೆ, ತಾತ ಅಜ್ಜಿ ಸುಮ್ನೆ ಕೂತ್ಬಿಟ್ರೆ, ಆ ಮಗು ಜೊತೆ ಮನಸ್ಸು ಬಿಚ್ಚಿ ಮಾತಾಡೋವ್ರು ಯಾರು?

ಇಂಥ ಕಡೆಯಿಂದ ಎದ್ದು ಬನ್ನಿ: ಬಾಗಿಲು ಹಾಕ್ಕೊಂಡು ಅಪ್ಪ ಅಮ್ಮನ್ನ ಯಾವತ್ತೂ ಒಳಗೆ ಬಿಡ್ದೇ ಇರೋವ್ರು, ಗದರಿಸಿ ಹೊಡೆದು ಕೂರಿಸೋವ್ರು, ಆರು ತಿಂಗಳಲ್ಲಿ ಆಟಿಸಂ ಪೂರ್ತಿ ವಾಸಿ ಮಾಡ್ತೀವಿ ಅಂತ ಮುಂಗಡ ಪ್ಯಾಕೇಜ್ ಮಾರೋವ್ರು. ಸ್ಟೆಮ್ ಸೆಲ್ ಹೆಸರಲ್ಲಿ ಮನೆ ಒಡವೆ ಅಡ ಇಡೋ ಹಾಗಾಗಬಾರ್ದು, ಆಟಿಸಂಗೆ ಅದನ್ನ ಚಿಕಿತ್ಸೆ ಅಂತ ಕೊಡಬಾರದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಪೇಪರ್ ಕೆಲ್ಸಾನೂ ಜೊತೇಲೇ ಶುರು ಮಾಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಲಿ ಆಟಿಸಂ ಇದೆ, ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್ ಆಗುತ್ತೆ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಇನ್ಶೂರೆನ್ಸಲ್ಲಿ ವರ್ಷಕ್ಕೆ 1 ಲಕ್ಷದ ತನಕ ಕವರ್ ಇದೆ, ಥೆರಪಿ ಖರ್ಚಿಗೂ ಸ್ವಲ್ಪ ಭಾಗ ಸಿಗುತ್ತೆ, ಬಿಲ್ ಎಲ್ಲಾ ಇಟ್ಕೊಳ್ಳಿ.

ಮೂರು ತಿಂಗಳಿಗೊಮ್ಮೆ ಸ್ಪೀಚ್, ಓಟಿ ಇಬ್ರನ್ನೂ ಕೇಳಿ ಬರೆಸಿದ್ದ ಗೋಲ್ ತಗೊಂಡು ಕೂತ್ಕೊಳ್ಳಿ, ಒಬ್ರು ಮಾಡ್ತಿರೋದು ಇನ್ನೊಬ್ರಿಗೆ ಗೊತ್ತಿರ್ಲಿ. ಏನೂ ಬದಲಾಗಿಲ್ಲ ಅಂದ್ರೆ ಮೊದ್ಲು ಗೋಲ್ ಚಿಕ್ಕದು ಮಾಡ್ಸಿ, ವಿಧಾನ ಬದಲಿಸಿ ಅಂತ ಕೇಳಿ, ಆಗ್ಲೂ ಆಗ್ಲಿಲ್ಲ, ಕೇಳಿದ್ದಕ್ಕೆ ಸರಿಯಾಗಿ ಉತ್ತರಾನೂ ಕೊಡ್ತಿಲ್ಲ ಅಂದ್ರೆ ರಿಪೋರ್ಟ್ ಎಲ್ಲಾ ಇಸ್ಕೊಂಡು ಬೇರೆಯವ್ರ ಹತ್ರ ಹೋಗಿ.